ಹವಾಲ್ದಾರರ ಕನಸಿನ ಸರದಿ

ಹತ್ತೊಂಬತ್ತು ವರ್ಷ, ಪ್ರತಿ ಮಂಗಳವಾರ ಮಧ್ಯಾಹ್ನ ಎರಡೂಕಾಲಿಗೆ, ನಾನು ಹವಾಲ್ದಾರ್ ಚೆಲುವಯ್ಯನವರ ಕನಸು ಕಾಣುತ್ತಿದ್ದೆ. ನಾನು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಎರಡು ಗಂಟೆಯ ಬಸ್ಸು ಹೊರಟರೆ ಮೂರೂಕಾಲಿನವರೆಗೆ ಬೇರೆ ಬಸ್ಸಿಲ್ಲ. ಆ ಹೊತ್ತಿನಲ್ಲಿ ನನ್ನ ರೂಮಿನ ಬೆಂಚಿನ ಮೇಲೆ ಮಲಗಿದರೆ ಇಪ್ಪತ್ತು ನಿಮಿಷದ ಕೆಲಸ. ಎದ್ದು ಮುಖ ತೊಳೆದುಕೊಂಡು ಅವರ ಹಿಟ್ಟಿನ ಗಿರಣಿಗೆ ಹೋಗಿ, ಅವರ ಎದುರು ನಿಂತು "ಆಯ್ತು" ಅನ್ನಬೇಕು. ಅಷ್ಟೇ ಅನ್ನಬೇಕು, ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಬಾರದು ಅಂತ ಕಟ್ಟುಪಾಡು. ಅವರು ಬೆಲ್ಟಿನ ಸದ್ದಿನ ನಡುವೆ ತಲೆ ಆಡಿಸುತ್ತಿದ್ದರು. ಅವರ ಹೆಂಡತಿ ಪುಟ್ಟತಾಯಮ್ಮ ಟೀ ಕೊಡುತ್ತಿದ್ದರು. ನನ್ನ ಬಾಯಿ ಎಂಥದ್ದು ಅಂತ ಊರಿಗೆಲ್ಲ ಗೊತ್ತು. ನಾನು ಹೇಳುವುದರಲ್ಲಿ ಬಸ್ಸಿನ ಟೈಮೊಂದನ್ನು ಬಿಟ್ಟು ಇನ್ನೇನನ್ನೂ ಯಾರೂ ನಂಬುವುದಿಲ್ಲ, ಈಚೆಗೆ ಅದನ್ನೂ ನಂಬುತ್ತಿಲ್ಲ. ಅಂಥ ನಾನು ಕೂಡ ಗಿರಣಿಯಲ್ಲಿ "ಆಯ್ತು" ಬಿಟ್ಟು ಬೇರೆ ಮಾತಾಡಿದವನಲ್ಲ.

ನಮ್ಮೂರಿನಲ್ಲಿ ಯುದ್ಧಕ್ಕೆ ಹೋಗಿಬಂದವರು ತಮ್ಮ ಯುದ್ಧದ ಕನಸನ್ನು ತಾವು ಕಾಣುವುದಿಲ್ಲ. ಊರವರು ಸರದಿಯ ಮೇಲೆ ಕಾಣುತ್ತೇವೆ. ಒಬ್ಬ ಸೈನಿಕನಿಗೆ ಆರು ಜನ, ವಾರಕ್ಕೆ ಆರು ದಿನ, ಭಾನುವಾರ ರಜಾ. ಬೇರೆ ಊರಿನಲ್ಲಿ ಎದುರು ಸಿಕ್ಕವರನ್ನು "ಊಟ ಆಯ್ತಾ" ಅಂದ ಹಾಗೆ ನಮ್ಮಲ್ಲಿ "ನಿಂದು ಯಾರ್ದು" ಅಂತ ಕೇಳುವುದು ವಾಡಿಕೆ. ಸಂಬಂಧ ನೋಡಲು ಬಂದವರು ಹುಡುಗನ ಸಂಬಳ ಕೇಳಿದ ಮೇಲೆ ಅವನ ಪಾಲಿಗೆ ಯಾರ ಕನಸು ಬಂದಿದೆ ಅಂತ ವಿಚಾರಿಸುತ್ತಾರೆ. ಫಿರಂಗಿ ದಳದವರದ್ದು ಅಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ, ಅಂಥವರು ನಿದ್ದೆಯಲ್ಲಿ ಒದೆಯುತ್ತಾರಂತೆ. ಸೈನ್ಯದಲ್ಲಿ ಅಡುಗೆ ಮಾಡಿಕೊಂಡಿದ್ದ ಒಬ್ಬರಿದ್ದರು. ಅವರ ಕನಸಿಗೆ ಎಂಎಲ್‌ಎ ಕಡೆಯಿಂದ ಶಿಫಾರಸು ತರುತ್ತಿದ್ದರು.

ಚೆಲುವಯ್ಯನವರ ಕನಸು ದೊಡ್ಡದೇನಲ್ಲ. ಗುಡ್ಡದ ನಡುವೆ ಒಂದು ಹೊಳೆ, ಐಸ್‌ನಂಥ ನೀರು. ಹೊಳೆಯ ಆಚೆ ಕುಟ್ಟಪ್ಪ ಅಂತ ಒಬ್ಬ ಸಿಪಾಯಿ. ಅವನ ಕಾಲು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿದೆ. ನೀರು ಏರುತ್ತಿದೆ. ಅವನು ಈಚೆ ದಡದಲ್ಲಿ ನಿಂತವನನ್ನು ಕೂಗುತ್ತಾನೆ. ಈಚೆಯವನು ಹಗ್ಗ ಎಸೆಯುತ್ತಾನೆ, ಅದು ಮುಟ್ಟುವುದಿಲ್ಲ. ಮೇಲಿಂದ ಗುಂಡು ಬೀಳುತ್ತಿರುತ್ತದೆ. ನೀರು ಕುಟ್ಟಪ್ಪನ ಗದ್ದ ಮುಟ್ಟಿದಾಗ ಎಚ್ಚರವಾಗುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಹಗ್ಗ ಮುಟ್ಟಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಸರದಿ ಕಚೇರಿಯ ಬೋರ್ಡಿನ ಮೇಲೆ ಒಂದು ಪ್ರಕಟಣೆ ಅಂಟಿಸಿದರು. ಮಾಸಿಕ ಆದಾಯ ಹದಿನೆಂಟು ಸಾವಿರ ಮೀರಿದ ಮಾಜಿ ಸೈನಿಕರು ಇನ್ನು ಮುಂದೆ ತಮ್ಮ ಕನಸನ್ನು ತಾವೇ ಕಾಣತಕ್ಕದ್ದು, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸತಕ್ಕದ್ದು. ಸಾರ್ವಜನಿಕರ ನಿದ್ದೆ ಒಂದು ಸೀಮಿತ ಸಂಪನ್ಮೂಲ, ಅದು ಅರ್ಹ ಬಡವರಿಗೆ ಮಾತ್ರ ತಲುಪಬೇಕು ಅಂತ ಕೆಳಗೆ ವಿವರಣೆ ಇತ್ತು.

ಕಚೇರಿಯ ಅಂಗಳದಲ್ಲಿ ಸಭೆ ಕರೆದರು. ಅಲ್ಲಿನ ಗುಮಾಸ್ತೆ ಅನಸೂಯಾ ಮೇಡಂ ಒಳ್ಳೆಯ ಹೆಂಗಸು. ಯಾವ ಪ್ರಶ್ನೆಗೂ ಕೋಪ ಮಾಡಿಕೊಳ್ಳುತ್ತಿರಲಿಲ್ಲ, ಯಾವ ಪ್ರಶ್ನೆಗೂ ಉತ್ತರ ಕೊಡುತ್ತಲೂ ಇರಲಿಲ್ಲ. ಕ್ಷೌರದ ಅಂಗಡಿಯ ಮುದ್ದುಮಾರ ಮೊದಲು ಎದ್ದ. ಚೆಲುವಯ್ಯನವರ ಬುಧವಾರ ಅವನದು.

"ಮೇಡಮ್ಮೋರೇ, ಆವತ್ತು ಗುಂಡು ಹೊಡ್ದೋನು ಆದಾಯದ ಸರ್ಟಿಫಿಕೇಟ್ ಕೇಳಿ ಹೊಡುದ್ನಾ?"

"ಅದನ್ನ ಬರವಣಿಗೇಲಿ ಕೊಡಿ."

ಅವನು ನಿಜವಾಗಿಯೂ ಬರೆದುಕೊಟ್ಟ. ಹನ್ನೆರಡು ದಿನಕ್ಕೆ ಹಿಂಬರಹ ಬಂತು, ಸದರಿ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಅಂತ.

ಸಭೆಯಲ್ಲಿ ಪ್ರಸ್ತಾವದ ಪರವಾಗಿಯೂ ಮಾತಾಡಿದರು, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಸೈಕಲ್ ರಿಪೇರಿಯ ನಾಗೋಜಿ, "ನಂದು ಸಾಮಿಲ್ ಮೇಜರ್‌ದು. ಅವ್ರ್ಗೆ ಎರಡು ಲಾರಿ ಐತೆ. ವಾರಕ್ಕೊಂದ್ಸಲ ಅವ್ರ ಬದ್ಲು ಗುಡ್ಡ ಹತ್ತಿ ಇಳ್ದು ನನ್ನ ಮಂಡಿಚಿಪ್ಪು ಹೋಯ್ತು. ಅವ್ರೇ ಹತ್ಲಿ ಈಗ," ಅಂದ. ಕೆಲವರು ಚಪ್ಪಾಳೆ ತಟ್ಟಿದರು. ಸಾಮಿಲ್ ಮೇಜರ್ ಅಲ್ಲೇ ಮುಂದಿನ ಕುರ್ಚಿಯಲ್ಲಿದ್ದರು. ಮಾರನೇ ದಿನವೇ ಅವರು ಮಿಲ್ಲನ್ನೂ ಲಾರಿಗಳನ್ನೂ ಅತ್ತಿಗೆಯ ಹೆಸರಿಗೆ ಮಾಡಿಸಿ ಬಡವರಾದರು. ನಾಗೋಜಿ ಇವತ್ತಿಗೂ ಅವರ ಗುಡ್ಡ ಹತ್ತುತ್ತಿದ್ದಾನೆ.

ಚೆಲುವಯ್ಯನವರಿಗೆ ಅತ್ತಿಗೆ ಇರಲಿಲ್ಲ. ಪುಟ್ಟತಾಯಮ್ಮನ ಹೆಸರಿಗೆ ಗಿರಣಿ ಮಾಡಿದರೆ ಒಂದೇ ಮನೆ, ಒಂದೇ ಆದಾಯ ಅಂತ ಕಚೇರಿಯವರು ಹೇಳಿದರು. ಪಿಂಚಣಿ, ಗಿರಣಿ ಎರಡೂ ಸೇರಿ ಅವರದು ಹದಿನೆಂಟಕ್ಕೆ ನಾನೂರು ಕಡಿಮೆ ಇತ್ತು. ಬಚಾವಾದೆವು ಅಂದುಕೊಂಡೆವು. ಆಗ ಅನಸೂಯಾ ಮೇಡಂ ಪದಕದ ಭತ್ಯೆ ಅಂತ ತಿಂಗಳಿಗೆ ಏಳುನೂರು ಬರುವುದನ್ನು ಕೂಡಿಸಿದರು. ಆ ಪದಕವನ್ನು ಸರ್ಕಾರ ಕೊಟ್ಟಿದ್ದು ಅದೇ ಹೊಳೆಯ ದಡದಲ್ಲಿ ಗುಂಡಿನ ಮಳೆಯಲ್ಲಿ ಮೂರು ತಾಸು ನಿಂತು ಹಗ್ಗ ಎಸೆದದ್ದಕ್ಕೆ. ಹೀಗಾಗಿ ಅವರು ಮುನ್ನೂರು ರೂಪಾಯಿಯಷ್ಟು ಶ್ರೀಮಂತರಾದರು.

ನಾನೂ ಅವರ ಜೊತೆ ಕಚೇರಿಗೆ ಹೋಗಿದ್ದೆ. ಚೆಲುವಯ್ಯನವರು ಪದಕವನ್ನು ಮೇಜಿನ ಮೇಲಿಟ್ಟರು.

"ಇದ್ನ ತಗೊಳಿ. ಭತ್ಯೆ ಬೇಡ ಅಂತ ಬರ್ದ್‌ಕೊಡ್ತೀನಿ."

"ಬರ್ದ್‌ಕೊಡ್ಬೌದು," ಅಂದರು ಮೇಡಂ. "ಆದ್ರೆ ಪದಕ ವಾಪಸ್ ಕೊಟ್ರೆ ಆ ಘಟನೆಗೆ ದಾಖಲೆ ಇರಲ್ಲ. ಘಟನೆ ಆಗಿಲ್ಲ ಅಂದ್ಮೇಲೆ ಕನಸು ಎಲ್ಲಿಂದ ಬಂತು? ಸರದಿಯಿಂದ ತೆಗೀಬೇಕಾಗುತ್ತೆ."

"ತೆಗೆದ್ರೆ ಕನಸು ಎಲ್ಲಿಗೆ ಹೋಗುತ್ತೆ?"

"ನಿಮ್ಗೇ ಬರುತ್ತೆ."

"ಕೊಡ್ದೇ ಇದ್ರೆ?"

"ಆಗ್ಲೂ ನಿಮ್ಗೇ ಬರುತ್ತೆ. ಆದ್ರೆ ಪದಕ ಇರುತ್ತಲ್ಲ ನಿಮ್ಹತ್ರ."

ಚೆಲುವಯ್ಯನವರು ಪದಕವನ್ನು ಜೇಬಿಗೆ ಹಾಕಿಕೊಂಡರು. ದಾರಿಯಲ್ಲಿ ನನಗೆ, "ಆಯಮ್ಮ ಹೇಳಿದ್ರಲ್ಲಿ ಏನೂ ತಪ್ಪಿಲ್ಲ ಕಂಟ್ರೋಲರ್ರೇ," ಅಂದರು. ಸೈನ್ಯದಲ್ಲಿದ್ದವರಿಗೆ ಇಂಥ ಮಾತು ಬೇಗ ಅರ್ಥವಾಗುತ್ತದೆ.

ಉಳಿದದ್ದು ಒಂದೇ ದಾರಿ, ಗಿರಣಿಯ ಸಂಪಾದನೆ ಇಳಿಸುವುದು. ತಪಾಸಣೆಗೆ ಇನ್ನೂ ಹದಿನೈದು ದಿನ ಇತ್ತು. ಅಷ್ಟು ದಿನ ಯಾರ ಹತ್ತಿರವೂ ಕಾಸು ತೆಗೆದುಕೊಳ್ಳದೆ ಹಿಟ್ಟು ಬೀಸಿಕೊಡುವುದು ಅಂತ ಅವರು ತೀರ್ಮಾನ ಮಾಡಿದರು. ಅಲ್ಲೇ ಕೆಟ್ಟಿತು. ನಮ್ಮೂರಿನ ಹೆಂಗಸರು ಸಾಲ ಬೇಕಾದರೆ ಇಟ್ಟುಕೊಳ್ಳುತ್ತಾರೆ, ಪುಕ್ಕಟೆ ಇಟ್ಟುಕೊಳ್ಳುವುದಿಲ್ಲ. ಮೊದಲನೇ ದಿನ ಒಬ್ಬಾಕೆ ರಾಗಿ ಡಬ್ಬದ ಮೇಲೆ ಎರಡು ಸೇರು ಅವರೆಕಾಯಿ ಇಟ್ಟು ಹೋದಳು. ಅದನ್ನು ನೋಡಿದ ಇನ್ನೊಬ್ಬಳು ಕುಂಬಳಕಾಯಿ ತಂದಳು. ಆಮೇಲೆ ಅವಳಿಗಿಂತ ನಾನೇನು ಕಡಿಮೆ ಅಂತ ಶುರುವಾಯಿತು. ಬೆಲ್ಲದ ಉಂಡೆ ಬಂತು, ಮಜ್ಜಿಗೆ ಮೆಣಸಿನಕಾಯಿ ಬಂತು, ಸಜೀವವಾಗಿ ಎರಡು ಹುಂಜ ಬಂದವು. ಪಕ್ಕದ ಊರಿನ ಗಿರಣಿಗೆ ಹೋಗುತ್ತಿದ್ದವರೂ ಇಲ್ಲಿಗೇ ಬಂದರು. ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು, "ಬ್ಯಾಡ ಕಣ್ರವ್ವ, ನಿಮ್ಮ ಕಾಲಿಗ್ ಬೀಳ್ತೀನಿ, ಏನೂ ತರ್ಬ್ಯಾಡಿ," ಅಂತ ಬೇಡಿಕೊಂಡರು. ಹಾಗೆ ಬೇಡಿಕೊಂಡಷ್ಟೂ ಅವರ ಮೇಲೆ ಗೌರವ ಹೆಚ್ಚಾಯಿತು. ಹದಿನೈದನೇ ದಿನ ತಪಾಸಣೆಯವರು ಬಂದಾಗ ಗಿರಣಿಯೊಳಗೆ ಹೆಜ್ಜೆ ಇಡಲು ಜಾಗ ಇರಲಿಲ್ಲ. ಅವರು ಕುಂಬಳಕಾಯಿಗಳನ್ನು ತೂಕ ಮಾಡಿಸಿ ಸಂತೆಯ ರೇಟು ಹಾಕಿದರು. ಆದಾಯ ಇಪ್ಪತ್ತಮೂರು ಸಾವಿರಕ್ಕೆ ಹೋಯಿತು.

ಆದೇಶ ಬಂತು. ಮುಂದಿನ ಮಂಗಳವಾರದಿಂದ ಹವಾಲ್ದಾರ್ ಚೆಲುವಯ್ಯನವರ ಕನಸು ಅವರ ವಶಕ್ಕೆ.

ಶನಿವಾರ ಸಂಜೆ ಅವರು ಬಸ್‌ಸ್ಟ್ಯಾಂಡಿಗೆ ಬಂದು ನನ್ನ ರೂಮಿನ ಬಾಗಿಲಲ್ಲಿ ನಿಂತರು. ತಲೆಗೂದಲು, ಹುಬ್ಬು, ಕಿವಿ ಎಲ್ಲ ಹಿಟ್ಟು. ಐವತ್ತೆಂಟು ವಯಸ್ಸು, ಹಿಟ್ಟು ಸೇರಿ ಎಪ್ಪತ್ತರ ಹಾಗೆ ಕಾಣುತ್ತಿದ್ದರು.

"ಕಂಟ್ರೋಲರ್ರೇ, ಹೇಳ್ಬಾರ್ದು ಅಂತ ಕಟ್ಟುಪಾಡು. ಆದ್ರೂ ಕೇಳ್ತೀನಿ. ಈಗ ಹೆಂಗೂ ನಂದೇ ಆಯ್ತಲ್ಲ."

"ಕೇಳಿ."

"ಅವ್ನ ಮುಖ ಹೆಂಗಿದೆ?"

ನಾನು ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ.

"ಏನಾಯ್ತು ಅಂತ ಎಲ್ಲಾ ನೆಪ್ಪಿದೆ," ಅಂದರು. "ಕಾಗ್ದದ ಮೇಲೆ ಓದ್ದಂಗೆ ನೆಪ್ಪಿದೆ. ಮುಖ ಮಾತ್ರ ಬರ್ತಾ ಇಲ್ಲ. ಇಪ್ಪತ್ತಾರು ವರ್ಷ ಆಯ್ತು ನೋಡಿ."

ನಾನು ಹೇಳಿದೆ. ಮೀಸೆ ತೆಳು, ಮುಂದಿನ ಹಲ್ಲುಗಳ ನಡುವೆ ಸಂದಿ, ಎಡಹುಬ್ಬಿನಲ್ಲಿ ಒಂದು ಕಲೆ. ಅವರು ಯಾರೋ ವಿಳಾಸ ಹೇಳಿದರೆ ಕೇಳಿಸಿಕೊಳ್ಳುವ ಹಾಗೆ ಕೇಳಿಸಿಕೊಂಡರು.

"ವಯಸ್ಸಾಗಿದ್ಯಾ?"

"ಇಲ್ಲ. ಇಪ್ಪತ್ನಾಲ್ಕೇ."

"ಅವ್ನು ಕೂಗ್ದಾಗ ನೀವೇನ್ ಮಾಡ್ತೀರ?"

ಇದನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಮೊದಲನೇ ವರ್ಷ ಅತ್ತಿದ್ದೆ. ಎರಡನೇ ವರ್ಷ ಮಲಗುವುದಕ್ಕೇ ಹೆದರುತ್ತಿದ್ದೆ. ಮೂರನೇ ವರ್ಷ ಒಂದು ಮಂಗಳವಾರ ಅವನು ಕೂಗಿದಾಗ ನನ್ನ ಬಾಯಿಗೆ ಅಭ್ಯಾಸಬಲದಿಂದ ಬಂದದ್ದು, "ಐದು ನಿಮಿಷ ಲೇಟು, ದಯವಿಟ್ಟು ಸಹಕರಿಸಿ," ಅಂತ. ಕುಟ್ಟಪ್ಪ ಆ ನೀರಿನಲ್ಲಿ ನಿಂತು ನಕ್ಕ. ಅಲ್ಲಿಂದ ನಾನು ಹಗ್ಗ ಎಸೆಯುತ್ತಲೇ ಬಸ್ಸುಗಳ ಸುದ್ದಿ ಹೇಳುತ್ತಿದ್ದೆ. ಯಾವ ಡ್ರೈವರ್ ಯಾವ ಕಂಡಕ್ಟರ್ ಜೊತೆ ಜಗಳ ಆಡಿದ, ಯಾವ ಬಸ್ಸಿನ ಟಾಪಿನಿಂದ ಯಾರ ಮೇಕೆ ಹಾರಿತು, ಹಾರಿದ ಮೇಕೆ ಮುಂದಿನ ಸ್ಟಾಪಿನಲ್ಲಿ ಹೇಗೆ ಮತ್ತೆ ಬಸ್ಸು ಹತ್ತಿತು, ಇಂಥವು. ನನ್ನ ಮಾತನ್ನು ಪೂರ್ತಿ ನಂಬುತ್ತಿದ್ದವನು ಲೋಕದಲ್ಲಿ ಅವನೊಬ್ಬನೇ. ಗದ್ದಕ್ಕೆ ನೀರು ಬರುವಾಗ, "ಮಿಕ್ಕಿದ್ದು ಮುಂದಿನ ವಾರ ಹೇಳಿ," ಅನ್ನುತ್ತಿದ್ದ.

ಚೆಲುವಯ್ಯನವರು ಅದನ್ನೆಲ್ಲ ಕೇಳಿ, "ಹೌದಾ," ಅಂದರು. ಆಮೇಲೆ, "ನಂಗೆ ಸುದ್ದಿ ಹೇಳಕ್ ಬರಲ್ವಲ್ಲ," ಅಂದರು.

ಸರಿ, ಇಬ್ಬರೂ ಸೇರಿ ಮಿಕ್ಕವರನ್ನು ಕೇಳೋಣ ಅಂತ ಹೊರಟೆವು. ದೂರದ ಊರಿಗೆ ಮೊದಲ ಸಲ ಹೋಗುವವರಿಗೆ ಎಲ್ಲರೂ ಬುದ್ಧಿ ಹೇಳುವ ಹಾಗೆ ಅವರಿಗೂ ಹೇಳಿದರು. ಗುರುವಾರದ ತೋಪಮ್ಮ ಬಸ್‌ಸ್ಟ್ಯಾಂಡಿನ ಎದುರು ಹೂವು ಮಾರುತ್ತಾಳೆ. ಅವಳು ಹೂವು ಕಟ್ಟುವುದನ್ನು ನಿಲ್ಲಿಸದೆ, "ನಾನೇನ್ ಮಾಡ್ಲಿ ಸಾಮಿ, ಬೈತೀನಿ," ಅಂದಳು. "ಆ ನೀರಿಗೆ ಯಾಕ್ಲಾ ಇಳ್ದೆ, ಮನೇಲಿ ಹೇಳೋರಿಲ್ವಾ ನಿಂಗೆ ಅಂತೀನಿ. ಬೈಸ್ಕೊಂಡ್ರೆ ಅವ್ನಿಗೆ ಹಿತ. ನೀವ್ ಹೋಗುವಾಗ ಸ್ವೆಟರ್ ಹಾಕ್ಕೊಂಡ್ ಮಲೀಕಳಿ, ಬಲೇ ಚಳಿ." ಹಾಸಿಗೆ ಹೊಲಿಯುವ ನಜೀರ್ ಸಾಬರದು ಶುಕ್ರವಾರ, ನಮಾಜು ಮುಗಿಸಿ ಬಂದ ಮೇಲೆ. ಅವರು, "ನಾನು ಮಾತಾಡೋದೇ ಇಲ್ಲ ಹವಾಲ್ದಾರ್ ಸಾಹೇಬ್ರೇ. ಅವ್ರಿಗೆ ಕಾಣೋ ಥರ ಈಚೆ ಕಡೆ ಸುಮ್ನೆ ಕೂತಿರ್ತೀನಿ. ಹದಿನಾಲ್ಕು ವರ್ಷದಿಂದ ಕೂತಿದೀನಿ, ಇಬ್ರಿಗೂ ಬೇಜಾರಾಗಿಲ್ಲ," ಅಂದರು. ಮುದ್ದುಮಾರ ತನ್ನ ಅಂಗಡಿಗೆ ಬಂದ ಯಾರ ಮುಂದೆಯೂ ಸುಮ್ಮನಿರುವವನಲ್ಲ, ಕುಟ್ಟಪ್ಪನ ಮುಂದೆಯೂ ಇರುತ್ತಿರಲಿಲ್ಲ. ತನ್ನ ಮನೆಯ ಕಥೆಯನ್ನೆಲ್ಲ ಅವನಿಗೆ ಹೇಳಿ ಸಲಹೆ ಕೇಳುತ್ತಿದ್ದನಂತೆ. "ಸೈಟು ತಗೊಳೋವಾಗ ಮೂಲೆ ಸೈಟ್ ಬೇಡ ಅಂದಿದ್ದು ಅವ್ರೇ," ಅಂದ. ಸೋಮವಾರದವರಿಗೂ ಶನಿವಾರದವರಿಗೂ ಒಂದೊಂದು ರೀತಿ ಇತ್ತು.

ಚೆಲುವಯ್ಯನವರು ಗಿರಣಿಗೆ ವಾಪಸು ಬಂದು ಮೆಟ್ಟಿಲ ಮೇಲೆ ಕೂತರು.

"ಆರು ಜನಾನೂ ಅವ್ನಿಗೆ ಏನೋ ಒಂದು ಆಗಿದೀರಿ," ಅಂದರು. "ನಾನು ಹೋಗಿ ಏನಂತ ನಿಂತ್ಕೊಳ್ಲಿ?"

ಮೂರೂಕಾಲಿನ ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಂದೆ. ಆಗ ಸಂಜೆ ಆರೂವರೆ.

ಮಂಗಳವಾರ ಎರಡು ಗಂಟೆಗೆ ಗಿರಣಿ ನಿಲ್ಲಿಸಿದರು. ರಾಗಿ ಡಬ್ಬ ಹಿಡಿದು ಸಾಲಿನಲ್ಲಿದ್ದ ಹೆಂಗಸರು ಹೋಗದೆ ಅಲ್ಲೇ ನಿಂತರು. ಚೆಲುವಯ್ಯನವರು ಒಳಗಿನ ಕೋಣೆಯಲ್ಲಿ ಹಿಟ್ಟೆಲ್ಲ ತೊಳೆದುಕೊಂಡು, ಸ್ವೆಟರ್ ಹಾಕಿಕೊಂಡು ಮಲಗಿದರು. ಬಿಸಿಲು ಸುಡುತ್ತಿತ್ತು. ನಾವು ಆರೂ ಜನ ಹೊರಗೆ ಜಗಲಿಯ ಮೇಲೆ, ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಗಂಡಸರು ಕೂರುವ ಹಾಗೆ ಕೂತೆವು. ಎರಡೂಕಾಲಿಗೆ ನನಗೆ ಅಭ್ಯಾಸದಿಂದ ಆಕಳಿಕೆ ಬಂತು, ಕಣ್ಣು ಮುಚ್ಚಿದೆ. ಬರಿಯ ಕತ್ತಲೆ, ಹೊಳೆಯಿಲ್ಲ. ಹತ್ತೊಂಬತ್ತು ವರ್ಷದ ಮೇಲೆ ನನ್ನ ಮಂಗಳವಾರ ಖಾಲಿಯಾಗಿತ್ತು. ತೋಪಮ್ಮ ನನ್ನ ತೊಡೆಗೆ ತಟ್ಟಿ, "ನಿಂದಲ್ಲ ಕಣಪ್ಪ ಇವತ್ತು, ಏಳು," ಅಂದಳು.

ಎರಡೂ ಮೂವತ್ತೈದಕ್ಕೆ ಒಳಗೆ ಮಂಚದ ಸದ್ದಾಯಿತು. ಚೆಲುವಯ್ಯನವರು ಹೊರಗೆ ಬಂದರು. ಸ್ವೆಟರ್ ಬೆವರಿಗೆ ತೊಯ್ದು ಹೋಗಿತ್ತು. ಕನಸು ಕಂಡವರು ಬಂದು "ಆಯ್ತು" ಅನ್ನಬೇಕಾದದ್ದು ಅವರಿಗೇ ಆದ್ದರಿಂದ, ಈಗ ಅದನ್ನು ಯಾರಿಗೆ ಅನ್ನಬೇಕು ಅಂತ ಅವರಿಗೆ ತಿಳಿಯಲಿಲ್ಲ. ಒಂದು ಸಲ ಹೆಂಡತಿಯ ಕಡೆ ನೋಡಿದರು, ಒಂದು ಸಲ ನಮ್ಮ ಕಡೆ. ಪುಟ್ಟತಾಯಮ್ಮ ಟೀ ಲೋಟವನ್ನು ಅವರ ಕೈಗೆ ಕೊಟ್ಟು, ಕೈ ಬಿಡದೆ ಹಾಗೇ ಹಿಡಿದುಕೊಂಡರು.

"ಕಂಡ್ರಾ?" ಅಂದ ಮುದ್ದುಮಾರ.

"ಕಂಡೆ. ಹುಬ್ಬಿನ ಮೇಲೆ ಕಲೆ ಇದೆ. ಕಂಟ್ರೋಲರ್ ಹೇಳಿದ್ದು ನಿಜ."

"ಏನಂದ್ರು?"

ಚೆಲುವಯ್ಯನವರು ಟೀ ಒಂದು ಗುಟುಕು ಕುಡಿದರು.

"ನೀವ್ಯಾರು ಅಂದ."

ಲೋಟ ಹಿಡಿದುಕೊಂಡೇ ಜಗಲಿಯ ಮೇಲೆ ಕೂತರು.

"ಇವತ್ತು ಮಂಗಳವಾರ ಅಲ್ವಾ, ಕಂಟ್ರೋಲರ್ ಬರ್ಲಿಲ್ವಾ ಅಂದ. ನಾನು ಚೆಲುವಯ್ಯ ಕಣೋ ಅನ್ನೋಣ ಅಂತ ಬಾಯಿವರ್ಗೂ ಬಂತು. ಈ ಮುದಿ ಮುಖ ಇಟ್ಕೊಂಡು ಹೆಂಗನ್ಲಿ? ಅವ್ರಿಗೆ ಜ್ವರ, ಬದ್ಲಿಗೆ ನಾನ್ ಬಂದಿದೀನಿ ಅಂದೆ."

"ಆಮೇಲೆ?"

"ಹಗ್ಗ ಎಸ್ದೆ. ಮುಟ್ಲಿಲ್ಲ. ಅವ್ನೇ ಸಮಾಧಾನ ಮಾಡ್ದ. ನೀವು ಹೊಸಬ್ರು, ಹೆದರ್ಕೋಬೇಡಿ, ಬೇಗ ಮುಗಿದ್‌ಹೋಗುತ್ತೆ ಅಂದ."

ತೋಪಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ನಜೀರ್ ಸಾಬರು ಎದ್ದು ಬಂದು ಅವರ ಪಕ್ಕ ಸುಮ್ಮನೆ ಕೂತರು. ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಡಬ್ಬ ಕೆಳಗಿಟ್ಟಳು. ಅನಸೂಯಾ ಮೇಡಂಗೆ ಮತ್ತೊಂದು ಅರ್ಜಿ ಕೊಡೋಣ, ನಾನೇ ಬರೀತೀನಿ, ಎಲ್ಲರೂ ಹೆಬ್ಬೆಟ್ಟು ಒತ್ತಿ ಅಂತ ನಾನು ಏನೇನೋ ಶುರು ಮಾಡಿದೆ. ಚೆಲುವಯ್ಯನವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

"ಅರ್ಜಿ ಕೊಡಿ. ಅದು ತೀರ್ಮಾನ ಆಗಕ್ಕೆ ವರ್ಷ ಆಗುತ್ತೆ. ಅಲ್ಲೀವರ್ಗೂ ದಿನಾ ಮಧ್ಯಾಹ್ನ ಹೋಗ್ಬೇಕಾದೋನು ನಾನು." ಅವರು ಮುದ್ದುಮಾರನ ಕಡೆ ತಿರುಗಿದರು. "ನಾಳೆ ಬುಧವಾರ. ನಿನ್ನ ಕೇಳ್ತಾನೆ. ಏನ್ ಹೇಳ್ಲಿ? ನಿಂಗೂ ಜ್ವರ ಅಂದ್ರೆ ಗಾಬರಿಯಾಗ್ತಾನೆ."

ಮುದ್ದುಮಾರ ತಲೆ ಕೆರೆದುಕೊಂಡ. ಆಮೇಲೆ, "ಮದ್ವೆ ಓಡಾಟದಲ್ಲಿ ಇದಾನೆ ಅನ್ನಿ," ಅಂದ.

"ಯಾರ ಮದ್ವೆ ಅಂತ ಕೇಳ್ತಾನೆ."

"ಎರಡ್ನೇ ಮಗಳದು ಅನ್ನಿ. ಹುಡ್ಗ ಕರೆಂಟ್ ಆಫೀಸಲ್ಲಿ ಲೈನ್‌ಮ್ಯಾನು, ಅದೇ ಹುಡ್ಗಂಗೆ ಒಪ್ಕೊಂಡ್ವಿ ಅನ್ನಿ. ಅವ್ರಿಗೆ ಗೊತ್ತಾಗುತ್ತೆ."

ಚೆಲುವಯ್ಯನವರು ಜೇಬಿನಿಂದ ಪೆನ್ಸಿಲ್ ತೆಗೆದರು. ಯಾರ ಡಬ್ಬ, ಎಷ್ಟು ರಾಗಿ ಅಂತ ಬರೆದಿಡುವ ಚೀಟಿಯೊಂದನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು, ಮೊದಲಿಗೆ ಬುಧವಾರ ಅಂತ ಬರೆದು, "ಹುಡ್ಗನ ಹೆಸ್ರೇನು?" ಅಂದರು.